ಮಾಲಿಗೆ ಯಾರೂ ಕೂತ್ಕೋ ಅನ್ನಲಿಲ್ಲ

ನಮ್ಮೂರಿನ ಕಟ್ಟಡಗಳು ಮಧ್ಯಾಹ್ನದ ಊಟ ಮುಗಿದ ಮೇಲೆ ಕೂತುಕೊಳ್ಳುತ್ತವೆ. ಹೊರಗಿನವರು ಮೊದಲ ಸಲ ನೋಡಿದಾಗ ಹೆದರಿ ಬಸ್ ಸ್ಟ್ಯಾಂಡಿನ ಕಡೆಗೆ ಓಡುತ್ತಾರೆ. ಅಷ್ಟು ಹೊತ್ತಿಗೆ ಬಸ್ ಸ್ಟ್ಯಾಂಡೂ ಕೂತಿರುತ್ತದೆ, ಪಾಪ, ಅವರಿಗೇನು ಗೊತ್ತು. ನಮಗೆ ಇದರಲ್ಲೇನೂ ವಿಶೇಷ ಕಾಣುವುದಿಲ್ಲ. ತಾರಸಿ, ತಾರಸಿಯ ಮೇಲೆ ನೀರಿನ ಟ್ಯಾಂಕು, ಒಳಗೆ ಅಷ್ಟೊಂದು ಜನ, ಆ ಜನರ ಕಬ್ಬಿಣದ ಬೀರು, ಬೀರುವಿನ ಬೀಗದ ಕೈಗಾಗಿ ಅಣ್ಣತಮ್ಮಂದಿರ ಜಗಳ, ಇಷ್ಟನ್ನೂ ಬೆಳಗಿನಿಂದ ಹೊತ್ತು ನಿಂತಿರುವ ಕಟ್ಟಡ ಸ್ವಲ್ಪ ಹೊತ್ತು ಕೂತರೆ ಯಾರ ಗಂಟೇನು ಹೋಯಿತು?

ಕೂರುವುದೆಂದರೆ ಧೊಪ್ಪನೆ ಬೀಳುವುದಲ್ಲ. ದಿನ ತುಂಬಿದ ಬಸುರಿ ಸೊಂಟಕ್ಕೆ ಕೈಕೊಟ್ಟು ಕೂರುವ ಹಾಗೆ ನಿಧಾನಕ್ಕೆ, ಒಂದು ಸಲ ಉಸ್ಸೆಂದು ಉಸಿರುಬಿಟ್ಟು, ನೆಲಮಹಡಿಯನ್ನು ಮಣ್ಣೊಳಗೆ ಮಡಚಿಟ್ಟುಕೊಂಡು ಕೂರುತ್ತವೆ. ಆಗ ಮೊದಲ ಮಹಡಿ ಬೀದಿಗೆ ಬರುತ್ತದೆ. ಒಂದೇ ಅಂತಸ್ತಿನ ಮನೆಯಾದರೆ ತಾರಸಿಯೇ ಜಗುಲಿ. ಹಪ್ಪಳ ಒಣಗಿಸಲು, ಪಕ್ಕದ ಮನೆಯ ಹಪ್ಪಳ ತೆಳ್ಳಗಿದೆಯೋ ದಪ್ಪಗಿದೆಯೋ ನೋಡಲು ಬಹಳ ಅನುಕೂಲ. ನೆಲಮಹಡಿಯವರು ಕೆಳಗಿನ ತಂಪಿನಲ್ಲಿ ಚಾಪೆ ಹಾಸಿ ಮಲಗುತ್ತಾರೆ. ಸಂಜೆ ಕಾಫಿಯ ಹೊತ್ತಿಗೆ ಗೋಡೆಗೆ ಒಂದು ಚೊಂಬು ನೀರು ಚಿಮುಕಿಸಿದರೆ ಕಟ್ಟಡ ಎದ್ದು ನಿಲ್ಲುತ್ತದೆ.

ಹೀಗಾಗಿ ನಮ್ಮ ಪೇಟೆ ಬೀದಿ ಬೆಳಿಗ್ಗೆ ಗಂಡಸರದು, ಮಧ್ಯಾಹ್ನ ಹೆಂಗಸರದು. ಅಕ್ಕಿ, ಕಬ್ಬಿಣ, ಪೈಪು, ಬಿತ್ತನೆ ಬೀಜ ಮಾರುವವರು ಕೆಳಗೆ; ಬಳೆ, ರವಿಕೆ, ಸೀರೆಗೆ ಕುಚ್ಚು ಕಟ್ಟುವವರು ಮೇಲೆ. ಮನೆಯಲ್ಲಿ ಪಾತ್ರೆ ತೊಳೆದಿಟ್ಟು ಹೆಂಗಸರು ಹೊರಟು ಬರುವ ಹೊತ್ತಿಗೆ ಸರಿಯಾಗಿ ಅವರಿಗೆ ಬೇಕಾದ ಅಂಗಡಿಗಳು ಇಳಿದು ಬಂದು ಬೀದಿಯಲ್ಲಿ ಕಾಯುತ್ತಿರುತ್ತಿದ್ದವು. ಕಿಟಕಿಯೇ ಬಾಗಿಲು. ಹತ್ತುವುದು ಇಳಿಯುವುದು ಏನೂ ಇಲ್ಲ.

ಒಂದು ಮಾತು ಮಾತ್ರ ಇತ್ತು. ನಮ್ಮೂರ ಕಟ್ಟಡಗಳಿಗೆ ಮರ್ಯಾದೆ ಹೆಚ್ಚು. ಹೇಳದೆ ಕೂರುವುದಿಲ್ಲ. ಯಾರಾದರೂ ಹೊರಗೆ ಬಂದು, ಗೋಡೆಯ ಮೇಲೆ ಕೈಯಿಟ್ಟು, ‘ಸಾಕು, ಕೂತ್ಕಳಪ್ಪ’ ಅನ್ನಬೇಕು. ನಮ್ಮ ಕಟ್ಟಡಕ್ಕೆ ಹಾಗೆ ಅನ್ನುತ್ತಿದ್ದವನು ನೆಲಮಹಡಿಯ ಅಕ್ಕಿ ಅಂಗಡಿ ಗುರುಪಾದಪ್ಪ. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯ, ಕಟ್ಟಡದ ಮಾಲೀಕನೂ ಅವನೇ. ಹಿರಿಯನೆಂದು ಹೇಳುತ್ತಿದ್ದನೋ ಮಾಲೀಕನೆಂದು ಹೇಳುತ್ತಿದ್ದನೋ ನಾವು ಯಾರೂ ಕೇಳಿರಲಿಲ್ಲ. ಹಿರಿಯರ ಮಾತಿಗೇ ಕಟ್ಟಡ ಬೆಲೆ ಕೊಡುವುದೆಂದು ಊರೆಲ್ಲ ನಂಬಿತ್ತು, ನಾನೂ ನಂಬಿದ್ದೆ. ಅದೇ ಕಟ್ಟಡದ ಮೆಟ್ಟಿಲ ಕೆಳಗೆ ಛತ್ರಿ, ಬೀಗ, ಬ್ಯಾಗಿನ ಜಿಪ್ಪು ರಿಪೇರಿ ಮಾಡಿಕೊಂಡಿದ್ದವನು ನಾನು. ಹೆಸರು ಲಿಂಗ. ಮಧ್ಯಾಹ್ನದ ನಿದ್ದೆಯಲ್ಲಿ ನನ್ನನ್ನು ಮೀರಿಸಿದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ನನ್ನ ನೆತ್ತಿಯ ಮೇಲೆ, ಮೊದಲ ಮಹಡಿಯಲ್ಲಿ, ದೇವೀರಮ್ಮನ ರವಿಕೆ ಅಂಗಡಿ. ಗಂಡ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು. ಲಗ್ನದ ತಿಂಗಳು ಬಿಟ್ಟರೆ ಮನೆಯಲ್ಲೇ ಕೂತು ಹೆಂಡತಿ ತಂದದ್ದನ್ನು ಊದುವವನು. ಅವಳ ಹೊಲಿಗೆ ಯಂತ್ರ ತಿರುಗಿದರೇ ಆ ಮನೆಯ ಒಲೆ ಉರಿಯುತ್ತಿತ್ತು. ಎಳೆ ಹುಡುಗಿಯರ ರವಿಕೆ ಯಾರು ಬೇಕಾದರೂ ಹೊಲಿಯುತ್ತಾರೆ. ದೇವೀರಮ್ಮನ ಗಿರಾಕಿಗಳೆಲ್ಲ ಮೈ ಇಳಿದವರು, ಹೊಟ್ಟೆ ಬಂದವರು, ಒಂದು ತೋಳು ದಪ್ಪ ಒಂದು ಸಣ್ಣ ಆದವರು. ‘ಹಳೇ ಅಳತೇನಲ್ಲೇ ಹೊಲಿಯವ್ವ, ನಾನೇನು ದಪ್ಪ ಆಗಿಲ್ಲ’ ಅನ್ನುತ್ತಿದ್ದರು. ‘ಆಗಿದ್ರೆ ತಾನೆ’ ಎಂದು ದೇವೀರಮ್ಮ ತಲೆಯಾಡಿಸಿ, ಅವರು ಅತ್ತ ತಿರುಗಿದೊಡನೆ ಕಣ್ಣಲ್ಲೇ ಹೊಸ ಅಳತೆ ತೆಗೆದು, ಬಟ್ಟೆ ಬಿಟ್ಟು ಹೊಲಿಯುತ್ತಿದ್ದಳು. ತೊಟ್ಟುಕೊಂಡವರು ಕನ್ನಡಿಯ ಮುಂದೆ ನಿಂತು, ‘ನೋಡು, ಹಳೇ ಅಳತೇನೇ ಸರಿಯಾಯ್ತು’ ಎಂದು ಬೀಗುತ್ತಿದ್ದರು. ಅವರಲ್ಲಿ ಒಬ್ಬರಿಗಾದರೂ ಮಂಡಿ ನೆಟ್ಟಗಿರಲಿಲ್ಲ. ಮೆಟ್ಟಿಲೆಂದರೆ ಮೂಗು ಮುರಿಯುವವರು. ಕಟ್ಟಡ ಕೂತರೆ ಬರುತ್ತಿದ್ದರು. ಅವರು ಬಂದರೆ ಇವಳ ಬದುಕು.

ಗುರುಪಾದಪ್ಪನಿಗೆ ಇದು ಹೊಟ್ಟೆಯುರಿ. ‘ಬೀದೀಲಿ ಜನ ಗಿಜಿಗಿಜಿ ಅನ್ನೋ ಹೊತ್ತಲ್ಲಿ ನಾನು ಮಣ್ಣೊಳಗೆ ಹೂತುಹೋಗಿರ್ತೀನಿ. ಇದ್ಯಾವ ನ್ಯಾಯ?’ ಎಂದು ದಿನವೂ ಗೊಣಗಿ, ದಿನವೂ ಗೋಡೆ ಸವರಿ ‘ಕೂತ್ಕೋ’ ಅನ್ನುತ್ತಿದ್ದ. ಗೊಣಗುತ್ತ ಹೇಳಿದರೂ ಕಟ್ಟಡ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ಊರಿಗೆ ನಿರಂಜನ ಬಾಬು ಬಂದ. ಕಟ್ಟಡ ಕಟ್ಟಿಸುವ ದೊಡ್ಡ ಆಸಾಮಿ. ಎತ್ತರದ ಆಳು, ಕಿವಿಯಲ್ಲಿ ಸದಾ ಏನೋ ಸಿಕ್ಕಿಸಿಕೊಂಡು ಗಾಳಿಯ ಜೊತೆ ಮಾತಾಡುತ್ತ ಅತ್ತಿಂದಿತ್ತ ನಡೆಯುವವನು. ಅವನು ಕೂತದ್ದನ್ನು ಯಾರೂ ಕಂಡಿರಲಿಲ್ಲ. ಕಾರಿನಲ್ಲೂ ನಿಂತುಕೊಂಡೇ ಬರುತ್ತಾನೆಂದು ನಾನು ಒಬ್ಬಿಬ್ಬರಿಗೆ ಹೇಳಿದ್ದೆ, ಅವರು ನಂಬಿದ್ದರು. ಅವನು ಗುರುಪಾದಪ್ಪನಿಗೆ ಕೊಟ್ಟ ಆಸೆ ಒಂದೇ: ಐದು ಅಂತಸ್ತಿನ ಮಾಲ್ ಕಟ್ಟುತ್ತೇನೆ, ಅದು ಕೂರುವುದೇ ಇಲ್ಲ, ನೆಲಮಹಡಿಯಲ್ಲಿ ನಿನ್ನ ಅಕ್ಕಿ ಅಂಗಡಿ ಇಡೀ ದಿನ ಬೀದಿಗೆ ಮುಖಮಾಡಿ ನಿಂತಿರುತ್ತದೆ. ಗುರುಪಾದಪ್ಪ ಮಾರನೆಯ ದಿನವೇ ಕಟ್ಟಡ ಬರೆದುಕೊಟ್ಟ.

ಹಳೆಯ ಕಟ್ಟಡ ಒಡೆಯುವ ಮುಂಚೆ ದೇವೀರಮ್ಮ ನಿರಂಜನ ಬಾಬುವನ್ನು ನೋಡಲು ಹೋದಳು. ಧೈರ್ಯಕ್ಕೆ ನನ್ನನ್ನೂ ಕರೆದುಕೊಂಡು ಹೋದಳು. ನನ್ನ ಧೈರ್ಯಕ್ಕೆ ಯಾರೂ ಇರಲಿಲ್ಲ. ಅವನ ಆಫೀಸಿನಲ್ಲಿ ಮೇಜಿತ್ತು, ಕುರ್ಚಿ ಇರಲಿಲ್ಲ. ಮೂವರೂ ಮೇಜಿನ ಸುತ್ತ ಮದುವೆ ಮನೆಯ ಬಫೆ ಊಟದವರ ಹಾಗೆ ನಿಂತೆವು.

‘ನಾನು ಹಳೇ ಬಾಡಿಗೆಯವಳು ಕಣಪ್ಪ. ನಂಗೂ ಒಂದು ಜಾಗ ಬೇಕು.’

‘ಕೊಡೋಣ ಮೇಡಂ. ಗ್ರೌಂಡ್ ಫ್ಲೋರ್ ಬಾಡಿಗೆ ನಿಮ್ಮ ಕೈಲಿ ಆಗಲ್ಲ. ಫಸ್ಟ್ ಫ್ಲೋರ್ ಎಲ್ಲ ಬುಕ್ ಆಗಿದೆ. ಟೆರೇಸಲ್ಲಿ ನೀರಿನ ಟ್ಯಾಂಕ್ ಪಕ್ಕ ಒಂದು ಮೂಲೆ ಇದೆ. ಫ್ರೀ ಅಂತಲೇ ಇಟ್ಕೊಳ್ಳಿ.’

‘ತಾರಸೀಗಾ? ನನ್ನ ಗಿರಾಕಿಗಳು ಅಲ್ಲಿಗೆ ಹೆಂಗಪ್ಪ ಬರ್ತಾರೆ? ಎಲ್ಲಾ ಮಂಡಿ ನೋವಿನೋರು.’

‘ಲಿಫ್ಟ್ ಇದೆ ಮೇಡಂ.’

‘ತಾರಸೀಗಂಟ ಬರ್ತದಾ?’

‘ಮುಕ್ಕಾಲು ಭಾಗ ಬರುತ್ತೆ’ ಅಂದ ಬಾಬು. ಆಮೇಲೆ ದನಿ ತಗ್ಗಿಸಿ, ‘ಒಂದೇ ಕಂಡೀಷನ್. ನಿಮ್ಮೂರಲ್ಲಿ ಅದೇನೋ ಪದ್ಧತಿ ಇದೆಯಂತಲ್ಲ, ಬಿಲ್ಡಿಂಗಿಗೆ ಹೇಳೋದು. ಈಗ ನಮ್ಮ ಬಿಲ್ಡಿಂಗಲ್ಲಿ ಗುರುಪಾದಪ್ಪನವರನ್ನ ಬಿಟ್ಟರೆ ಹಿರಿಯರು ನೀವೇ ಆಗ್ತೀರ. ಆ ಮಾತು ನಿಮ್ಮ ಬಾಯಲ್ಲಿ ಬರಬಾರದು. ಬಿಲ್ಡಿಂಗಿಗೂ ಹೇಳಬಾರದು, ಮನುಷ್ಯರಿಗೂ ಹೇಳಬಾರದು. ಗೊತ್ತಾಗದೆ ಕೇಳಿಸ್ಕೊಂಡುಬಿಡುತ್ತೆ’ ಅಂದ.

ಗುರುಪಾದಪ್ಪ ಏನಾದ ಅನ್ನುತ್ತೀರಾ? ಆ ಮಾತು ಅನ್ನದಿರಲು ಅವನಿಗೆ ಬಾಬು ಏನೂ ಕೊಡಬೇಕಾಗಿರಲಿಲ್ಲ. ನಾಲಿಗೆ ಕತ್ತರಿಸಿದರೂ ತಾನು ಅನ್ನುವುದಿಲ್ಲವೆಂದು ಅವನೇ ಅಕ್ಕಿ ಮುಟ್ಟಿ ಆಣೆ ಮಾಡಿದ್ದ. ದೇವೀರಮ್ಮನಿಗೆ ಬೇರೆ ಬೀದಿಯಲ್ಲಿ ಖಾಲಿ ಅಂಗಡಿಯೇ ಇರಲಿಲ್ಲ. ಕೊನೆಗೆ, ‘ಆಗ್ಲಿ, ಅನ್ನಾಕಿಲ್ಲ’ ಎಂದು ಮಾತು ಕೊಟ್ಟಳು.

ಮಾಲ್ ಎದ್ದಿತು. ಗಾಜೇ ಗಾಜು. ಹಳೆಯ ಕಟ್ಟಡಕ್ಕೆ ಬೆವರಿನ, ಗೋಣಿಚೀಲದ, ಸಾಂಬ್ರಾಣಿಯ ವಾಸನೆಯಿತ್ತು. ಇದಕ್ಕೆ ಆಸ್ಪತ್ರೆಯಲ್ಲಿ ಮದುವೆ ನಡೆದಂಥ ವಾಸನೆ. ಬಾಬು ತಳಪಾಯಕ್ಕೆ ಹಾಕಿಸಿದ ಕಬ್ಬಿಣದಲ್ಲಿ ಇನ್ನೊಂದು ಊರನ್ನೇ ಬೆಸುಗೆ ಹಾಕಬಹುದಿತ್ತು. ಅದರ ಮೇಲೂ ಅವನಿಗೆ ಭಯ. ಮಾಲಿನಲ್ಲಿ ಒಂದು ಕುರ್ಚಿಯನ್ನೂ ಇಡಿಸಲಿಲ್ಲ. ಮೇಲಿನ ಮಹಡಿಯ ಹೋಟೆಲಿನಲ್ಲಿ ಜನ ಎದೆಯೆತ್ತರದ ಮೇಜಿಗೆ ಆತು ನಿಂತು ದೋಸೆ ತಿನ್ನುತ್ತಿದ್ದರು. ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳು ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ನಿಂತು ಅಳತೆ ನೋಡುತ್ತಿದ್ದರು. ಸೀರೆ ಅಂಗಡಿಯ ಹೆಣ್ಣುಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಸೀರೆ ಬಿಡಿಸಿ ನಿಂತೇ ಮಡಚುತ್ತಿದ್ದರು. ಬೀದಿಯ ಮಿಕ್ಕ ಕಟ್ಟಡಗಳೆಲ್ಲ ಮಧ್ಯಾಹ್ನ ಉಸ್ಸೆಂದು ಕೂತಾಗ ಮಾಲ್ ಒಂದೇ ಸ್ಕೂಲಿನಲ್ಲಿ ಶಿಕ್ಷೆ ಕೊಟ್ಟ ಹುಡುಗನ ಹಾಗೆ ಬಿಸಿಲಲ್ಲಿ ನಿಂತಿರುತ್ತಿತ್ತು. ಎಲ್ಲರೂ ಅದನ್ನು ಹೊಗಳುತ್ತಿದ್ದರು. ಊರು ಮುಂದುವರಿಯಿತು ಅನ್ನುತ್ತಿದ್ದರು. ಹೊಗಳಿ ಮನೆಗೆ ಹೋಗಿ ಚಾಪೆ ಹಾಸುತ್ತಿದ್ದರು.

ದೇವೀರಮ್ಮ ಟ್ಯಾಂಕಿನ ನೆರಳಿನಲ್ಲಿ ಯಂತ್ರ ಇಟ್ಟಳು. ಮಾಲಿಗೆ ಮೆಟ್ಟಿಲ ಕೆಳಗಿನ ಜಾಗವೇ ಇಲ್ಲದ್ದರಿಂದ ನನಗೂ ಅಲ್ಲೇ ಒಂದು ಮಗ್ಗುಲು ಬಿಟ್ಟುಕೊಟ್ಟಳು. ಲಿಫ್ಟು ಹೋಟೆಲಿನವರೆಗೆ ಮಾತ್ರ ಬರುತ್ತಿತ್ತು. ಅಲ್ಲಿಂದ ತಾರಸಿಗೆ ಕಬ್ಬಿಣದ ಏಣಿಯಂಥ ಮೆಟ್ಟಿಲು. ಮೊದಮೊದಲು ಒಬ್ಬಿಬ್ಬರು ಗಿರಾಕಿಗಳು ದೇವರ ಹೆಸರು ಹೇಳಿಕೊಂಡು ಹತ್ತಿ ಬಂದರು. ಹತ್ತಿದವರನ್ನು ಇಳಿಸಲು ನಾನು, ವಾಚ್‌ಮನ್ನು, ದೋಸೆ ಭಟ್ಟ ಮೂವರೂ ಬೇಕಾಯಿತು. ಆಮೇಲೆ ಯಾರೂ ಬರಲಿಲ್ಲ. ಕೆಳಗೆ ಬೀದಿಯಲ್ಲಿ ನಿಂತು, ಬಟ್ಟೆಯ ಚೀಲ ಎತ್ತಿ ತೋರಿಸಿ, ಏನೋ ಕೂಗುತ್ತಿದ್ದರು. ಅಷ್ಟು ಎತ್ತರಕ್ಕೆ ಬರೀ ಬಾಯಿ ಆಡುವುದು ಕಾಣುತ್ತಿತ್ತು.

ಅವಳು ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಟ್ಟಳು. ಬಟ್ಟೆಯೇನೋ ಬಂತು, ಮೈ ಬರಲಿಲ್ಲ. ಬುಟ್ಟಿಯಲ್ಲಿ ಬಂದ ಹಳೇ ಅಳತೆಯ ರವಿಕೆ ಇಟ್ಟುಕೊಂಡು ಎಷ್ಟು ಬಟ್ಟೆ ಬಿಡಬೇಕೆಂದು ಹೇಗೆ ತಿಳಿಯಬೇಕು? ಹಳೇ ಅಳತೆಗೇ ಹೊಲಿದು ಕಳಿಸಿದಳು. ಯಾರಿಗೂ ತೋಳೇ ಏರಲಿಲ್ಲ. ‘ಮೇಲಕ್ಕೆ ಹೋದ್ಮೇಲೆ ದೇವೀರಮ್ಮನ ಕೈ ಕೆಟ್ಟೋಯ್ತು’ ಎಂದು ಊರಲ್ಲಿ ಸುದ್ದಿಯಾಯಿತು. ಬುಟ್ಟಿಯೂ ಖಾಲಿ ಬರತೊಡಗಿತು. ಕ್ಲಾರಿನೆಟ್ಟಿನ ಗಂಡ ಬ್ಯಾಂಡಿನವರ ಹತ್ತಿರ ತಿಥಿ, ನಾಮಕರಣಕ್ಕೂ ಊದಲು ಸಿದ್ಧನೆಂದು ಹೇಳಿ ಬಂದನಂತೆ.

ಬರುತ್ತಿದ್ದವಳು ಒಬ್ಬಳೇ, ಸೀರೆ ಅಂಗಡಿಯ ನೇತ್ರಾವತಿ. ಎರಡು ಮಕ್ಕಳ ತಾಯಿ. ಕಾಲು ಊದಿ ಚಪ್ಪಲಿಯ ಬಾರು ಚರ್ಮದೊಳಗೆ ಹೂತಿರುತ್ತಿತ್ತು. ಸೂಪರ್‌ವೈಸರನ ಕಣ್ಣು ತಪ್ಪಿಸಿ, ಫಾಲ್ ಹೊಲಿಸುವ ನೆಪದಲ್ಲಿ ಹತ್ತಿ ಬರುತ್ತಿದ್ದಳು, ಯಾಕೆಂದರೆ ಇಡೀ ಮಾಲಿಗೆ ಇದ್ದದ್ದು ಒಂದೇ ಸ್ಟೂಲು, ದೇವೀರಮ್ಮನದು. ನಿಂತು ರವಿಕೆ ಹೊಲಿಯಲು ಆಗುವುದಿಲ್ಲವೆಂದು ಬಾಬು ಅದೊಂದಕ್ಕೆ ಕಣ್ಣುಮುಚ್ಚಿದ್ದ.

ಮೊದಲ ದಿನ ಅವಳು ಏದುಸಿರು ಬಿಡುತ್ತ ಬಂದಾಗ ದೇವೀರಮ್ಮ ಅಭ್ಯಾಸಬಲದಿಂದ, ‘ಬಾವ್ವ, ಕೂ…’ ಎಂದು ಬಾಯಿ ಮುಚ್ಚಿಕೊಂಡಳು. ಹುಟ್ಟಿದಾಗಿನಿಂದ ಮನೆಗೆ ಬಂದವರಿಗೆ ಮೊದಲು ಅಂದ ಮಾತು ಅದೇ. ಗಂಟಲಿಗೆ ಬಂದದ್ದನ್ನು ನುಂಗಿ, ಸ್ಟೂಲನ್ನು ತಟ್ಟಿ ತೋರಿಸಿದಳು.

‘ಏನಕ್ಕ, ಮೌನವ್ರತಾನಾ?’

‘ಇಲ್ಲವ್ವ. ಇಲ್ಲಿ ಸ್ಟೂಲೈತೆ. ನಿಂಗೆ ಕಾಲೈತೆ. ಎರಡೂ ಏನ್ಮಾಡ್ಬೇಕೋ ಮಾಡ್ಲಿ, ನಾನೇನೂ ಹೇಳಾಕಿಲ್ಲ.’

ನೇತ್ರಾವತಿ ಕೂತಳು. ಅವಳು ಕೂತಾಗಲೆಲ್ಲ ದೇವೀರಮ್ಮ ನಿಲ್ಲುತ್ತಿದ್ದಳು, ಸ್ಟೂಲು ಒಂದೇ ಅಲ್ಲವೇ. ಗೋಡೆಗೆ ಒರಗಿ ನಿಂತಾಗ ಒಳಗಿನಿಂದ ಸಣ್ಣಗೆ ನಡುಗುವುದು ಬೆನ್ನಿಗೆ ತಿಳಿಯುತ್ತಿತ್ತಂತೆ, ದಣಿದ ಎತ್ತಿನ ಪಕ್ಕೆಯ ಹಾಗೆ.

‘ಇದಕ್ಕೂ ಕಾಲು ನೋಯ್ತಾ ಐತೆ ಕಣೋ ಲಿಂಗ’ ಅಂದಳು ಒಂದು ದಿನ.

‘ಹಂಗಾದ್ರೆ ಒಂದ್ ಮಾತು ಅಂದ್ಬಿಡಕ್ಕ’ ಅಂದೆ. ‘ಒಂದೇ ಮಾತು. ಇಳಿದು ಹೋಗ್ಲಿ ಶನಿ. ಒಂದು ಮಹಡಿ ಇಳಿದ್ರೂ ನಮ್ಗೆ ಅಷ್ಟು ಮೆಟ್ಲು ಕಮ್ಮಿ.’

‘ಮಾತು ಕೊಟ್ಟಿದೀನಿ.’

‘ಬಾಬುಗಾ? ಅವನು ನಮ್ಮನ್ನ ಟ್ಯಾಂಕಿನ ಪಕ್ಕ ಬಿಸಾಕವ್ನೆ. ಕಾಗೆ ಕೂಡ ಇಲ್ಲಿ ಕೂರೋಕೆ ಯೋಚನೆ ಮಾಡ್ತದೆ.’

‘ಯಾರಿಗೆ ಕೊಟ್ರೂ ಮಾತು ಮಾತೇ. ಸುಮ್ನೆ ಛತ್ರಿ ರಿಪೇರಿ ಮಾಡು.’

ರಿಪೇರಿಗೆ ಛತ್ರಿ ಇದ್ದರೆ ತಾನೆ. ನನ್ನ ಗಿರಾಕಿಗಳೂ ಕೆಳಗೇ ಉಳಿದಿದ್ದರು. ನಾನು ನನ್ನ ಛತ್ರಿಯನ್ನೇ ಮುರಿದು ನಾನೇ ರಿಪೇರಿ ಮಾಡಿಕೊಂಡು ಕೈ ಬಿಸಿಯಾಗಿಟ್ಟುಕೊಂಡಿದ್ದೆ. ಮುಂದಿನ ಹಬ್ಬದವರೆಗೆ ನೋಡುತ್ತೇನೆ, ಆಮೇಲೆ ಯಂತ್ರ ಮಾರಿ ಯಾರದಾದರೂ ಮನೆಗೆಲಸಕ್ಕೆ ಸೇರುತ್ತೇನೆ ಎಂದು ದೇವೀರಮ್ಮ ಹೇಳಿಬಿಟ್ಟಳು. ಹಾಗೆ ಹೇಳಿದ ದಿನ ಯಂತ್ರಕ್ಕೆ ಸುಮ್ಮಸುಮ್ಮನೆ ಎಣ್ಣೆ ಬಿಟ್ಟು ಒರೆಸುತ್ತ ಕೂತಿದ್ದಳು.

ಹಬ್ಬಕ್ಕೆ ಮುಂಚೆ ಸಮಾರಂಭ ಬಂತು. ನಮ್ಮ ಊರಲ್ಲಿ ಮೊದಲ ಬಾರಿಗೆ ಒಂದು ಕಟ್ಟಡ ಇಡೀ ದಿನ ನಿಲ್ಲುತ್ತಿದೆಯಲ್ಲ, ಅದಕ್ಕೆ ದೊಡ್ಡ ಊರಿನಿಂದ ಒಬ್ಬ ದೊಡ್ಡ ಸಾಹೇಬರು ಬಂದು, ಬಾಬುವಿಗೆ ಶಾಲು ಹೊದಿಸಿ, ಹಿತ್ತಾಳೆಯ ಫಲಕ ಕೊಡುವುದೆಂದು ಗೊತ್ತಾಯಿತು. ಊರೆಲ್ಲ ಕಾಣಲೆಂದು ತಾರಸಿಯ ಮೇಲೇ ಶಾಮಿಯಾನ. ಹೊತ್ತು ಮಧ್ಯಾಹ್ನದ್ದೇ, ಸುತ್ತಲ ಕಟ್ಟಡಗಳೆಲ್ಲ ಕೂತಿರುವಾಗ ನಮ್ಮದೊಂದೇ ನಿಂತಿರುವ ಫೋಟೋ ಬೇಕೆಂದು ಬಾಬುವಿನ ಆಸೆ. ಸಾಹೇಬರಿಗೋಸ್ಕರ ಬಾಡಿಗೆಗೆ ಕುರ್ಚಿಗಳೂ ಬಂದವು. ಅವುಗಳನ್ನು ಹೊತ್ತು ತಂದವರಿಗೆ, ‘ಬಾಯಿ ಬಿಡಬೇಡಿ, ಸುಮ್ಮನೆ ಇಟ್ಟು ಹೋಗಿ’ ಎಂದು ಬಾಬುವೇ ತಾಕೀತು ಮಾಡಿದ. ಕಾರ್ಯಕ್ರಮ ನಡೆಸಲು ಒಬ್ಬ ಉಪನ್ಯಾಸಕರನ್ನು ಕರೆಸಿ, ಆ ಒಂದು ಮಾತು ಬಿಟ್ಟು ಬೇರೆ ಏನು ಬೇಕಾದರೂ ಮಾತಾಡಿ ಅಂದಿದ್ದ. ಅವರು ಬೇರೆ ಎಲ್ಲವನ್ನೂ ಮಾತಾಡಿದರು.

ದೊಡ್ಡ ಸಾಹೇಬರು ಹೆಸರಿಗೆ ತಕ್ಕ ಹಾಗೆ ದೊಡ್ಡವರು. ಲಿಫ್ಟಿನಲ್ಲಿ ಹೋಟೆಲಿನವರೆಗೆ ಬಂದು, ಅಲ್ಲಿಂದ ಕಬ್ಬಿಣದ ಮೆಟ್ಟಿಲು ಹತ್ತಿ ತಾರಸಿಗೆ ಬರುವಷ್ಟರಲ್ಲಿ ಮುಖ ಬೀಟ್‌ರೂಟಿನ ಹಾಗಾಗಿತ್ತು. ಎರಡೂ ಕೈ ಮಂಡಿಯ ಮೇಲಿಟ್ಟು ಬಗ್ಗಿ ನಿಂತರು. ಅವರು ನಿಂತದ್ದಕ್ಕೆ ಎಲ್ಲರೂ ನಿಂತರು. ‘ಮಾನ್ಯರು ಪೀಠವನ್ನು ಅಲಂಕರಿಸಿ ನಮ್ಮನ್ನು ಧನ್ಯರನ್ನಾಗಿಸಬೇಕು’ ಎಂದು ಉಪನ್ಯಾಸಕರು ಮೈಕಿನಲ್ಲಿ ಅಂದರು. ಪೀಠಕ್ಕೆ ಹೂವು ಹಾಕಬೇಕೆಂದುಕೊಂಡು ಸಾಹೇಬರು ತಮ್ಮ ಕೊರಳ ಹಾರ ತೆಗೆದು ಕುರ್ಚಿಗೆ ಹಾಕಿ ಮತ್ತೆ ನಿಂತರು. ಬಿಸಿಲು ಉರಿಯುತ್ತಿತ್ತು. ಸಾಹೇಬರ ಕಾಲು ನಡುಗುತ್ತಿತ್ತು. ಟ್ಯಾಂಕಿನ ಪಕ್ಕ ನಿಂತಿದ್ದ ನಮಗೆ ಬೆನ್ನ ಹಿಂದಿನ ಗೋಡೆಯೂ ನಡುಗುವುದು ತಿಳಿಯುತ್ತಿತ್ತು. ದೇವೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು, ಎಲ್ಲಿ ಕರುಣೆಯಿಂದ ಅಂದುಬಿಡುತ್ತೇನೋ ಎಂದಿರಬೇಕು ಅಂದುಕೊಂಡೆ.

ಸಾಹೇಬರು ಒಂದು ಸಲ ವಾಲಿದರು. ನಿರಂಜನ ಬಾಬುವಿಗೆ ಗಾಬರಿಯಾಯಿತು. ಫಲಕ ಇನ್ನೂ ತನ್ನ ಕೈಗೆ ಬಂದಿರಲಿಲ್ಲ. ಓಡಿಬಂದು, ಉಪನ್ಯಾಸಕರು ಆ ಮಾತು ಅಂದುಬಿಟ್ಟಾರೆಂದು ಅವರ ಮೈಕು ಕಿತ್ತುಕೊಂಡ ಕೈಯಲ್ಲೇ ಸಾಹೇಬರ ತೋಳು ಹಿಡಿದು, ತಾನೂ ಬೀಳದ ಹಾಗೆ ಇನ್ನೊಂದು ಕೈಯನ್ನು ತಾರಸಿಯ ಕೈಪಿಡಿ ಗೋಡೆಗೆ ಕೊಟ್ಟು, ‘ಅಯ್ಯೋ, ಎಷ್ಟೊತ್ತಿಂದ ನಿಂತೇ ಇದೀರಲ್ಲ! ಸಾಕು, ಕೂತ್ಕೊಳ್ಳಿ, ಕೂತ್ಕೊಳ್ಳಿ’ ಅಂದ.

ಮೈಕು ಬಾಯಿಯ ಹತ್ತಿರವೇ ಇತ್ತು. ಮಾತು ಊರೆಲ್ಲ ಕೇಳಿಸಿತು. ಕೈ ಗೋಡೆಯ ಮೇಲಿತ್ತು.

ಮೊದಲು ಉಸಿರು ಬಂತು. ಅಂಥ ನಿಟ್ಟುಸಿರನ್ನು ನಾನು ಯಾವ ಕಟ್ಟಡದ ಬಾಯಲ್ಲೂ ಕೇಳಿಲ್ಲ. ಪೇಟೆ ಬೀದಿಯ ಧೂಳೆಲ್ಲ ಎದ್ದು ಪಕ್ಕದ ಬೀದಿಗೆ ಹೋಗಿ ಬಿತ್ತು. ಆಮೇಲೆ ಇಳಿಯತೊಡಗಿತು. ನೆಲಮಹಡಿ ಹೋಯಿತು. ಮಾಮೂಲಿ ಅಲ್ಲಿಗೆ ನಿಲ್ಲಬೇಕು, ನಿಲ್ಲಲಿಲ್ಲ. ಚಪ್ಪಲಿ ಅಂಗಡಿ ಹೋಯಿತು. ಸೀರೆ ಅಂಗಡಿ ಹೋಯಿತು. ಅಷ್ಟು ತಿಂಗಳ ಬಾಕಿ ನಿದ್ದೆಯನ್ನೆಲ್ಲ ಒಟ್ಟಿಗೆ ತೀರಿಸುವವರ ಹಾಗೆ, ತುಂಬಿದ ಲೋಟ ತುಳುಕದಷ್ಟು ಮೆತ್ತಗೆ ಇಳಿಯಿತು. ಹೋಟೆಲಿನಲ್ಲಿ ನಿಂತು ದೋಸೆ ತಿನ್ನುತ್ತಿದ್ದವರು ಕಿಟಕಿಯಲ್ಲಿ ಆಕಾಶದ ಬದಲು ಮಣ್ಣು ಬಂದದ್ದನ್ನು ಚಟ್ನಿ ಕೇಳುವಾಗಲೇ ಗಮನಿಸಿದ್ದಂತೆ. ಕೊನೆಗೆ ತಾರಸಿ ಬಂದು ಬೀದಿಯ ಮಟ್ಟಕ್ಕೆ ಸೇರಿ ನಿಂತಿತು. ನಿಂತಿತು ಎಂದರೆ ತಪ್ಪು; ಕೂತಿತು.

ಎಲ್ಲರೂ ಬಾಬುವಿನ ಮುಖ ನೋಡಿದರು. ಬಾಬು ತನ್ನ ಕೈ ನೋಡಿಕೊಂಡ. ಮೊದಲು ಮಾತಾಡಿದವರು ದೊಡ್ಡ ಸಾಹೇಬರು. ಎದುರಿಗೆ ಹತ್ತೇ ಹೆಜ್ಜೆಯಲ್ಲಿ ಅವರ ಕಾರು ನಿಂತಿತ್ತು. ‘ಆಹಾ! ಲಿಫ್ಟ್ ಅಂದರೆ ಹೀಗಿರಬೇಕು ನೋಡ್ರಿ. ಮನುಷ್ಯನ್ನ ಇಳಿಸೋ ಬದಲು ಬಿಲ್ಡಿಂಗನ್ನೇ ಇಳಿಸಿದ್ದೀರಲ್ಲ, ಭೇಷ್!’ ಎಂದು ಫಲಕವನ್ನು ಬಾಬುವಿನ ಎದೆಗೊತ್ತಿ, ಹಾರ ಮರೆಯದೆ ತೆಗೆದುಕೊಂಡು, ಒಂದು ಮೆಟ್ಟಿಲೂ ಇಳಿಯದೆ ಕಾರು ಹತ್ತಿದರು. ಫಲಕದ ಮೇಲೆ ಊರಿನ ಪ್ರಪ್ರಥಮ ಎದ್ದು ನಿಂತ ಕಟ್ಟಡ ಎಂದು ಕೆತ್ತಿತ್ತು.

ಸಂಜೆ ಕಾಫಿಯ ಹೊತ್ತಿಗೆ ಒಂದು ಚೊಂಬು ನೀರು ಚಿಮುಕಿಸಿದರು. ಆಮೇಲೆ ಒಂದು ಕೊಡ ಸುರಿದರು. ಮಾರನೆಯ ದಿನ ಟ್ಯಾಂಕರಿನಲ್ಲಿ ನೀರು ತರಿಸಿ ಬಿಟ್ಟರು. ಮಾಲ್ ಏಳಲಿಲ್ಲ. ಕಿವಿಗೊಟ್ಟರೆ ಕೆಳಗಿನಿಂದ ಗೊರಕೆ ಕೇಳುತ್ತಿತ್ತು. ಅದು ಮಾಲಿನದಲ್ಲ, ಗುರುಪಾದಪ್ಪನದು ಎಂದು ಆಮೇಲೆ ಗೊತ್ತಾಯಿತು. ಅವನ ಅಕ್ಕಿ ಅಂಗಡಿ ಈಗ ಎಲ್ಲರಿಗಿಂತ ಆಳದಲ್ಲಿತ್ತು. ಏನಪ್ಪ ಗತಿ ಎಂದು ನೋಡಲು ಇಳಿದು ಹೋದರೆ ಮೂಟೆಗಳ ಮೇಲೆ ಅಂಗಾತ ಮಲಗಿದ್ದ. ‘ಹುಳಾನೂ ಬೀಳಲ್ಲ ಕಣೋ ಲಿಂಗ, ಎಂಥಾ ತಂಪು! ಮೇಲೆ ಹೋಗಿ ಯಾರ್ಗೂ ಹೇಳ್ಬೇಡ, ಬಂದ್ಬಿಡ್ತಾರೆ’ ಅಂದ.

ಮೇಲೆ ದೇವೀರಮ್ಮನ ಟ್ಯಾಂಕಿನ ಮೂಲೆ ಬೀದಿಗೇ ಅಂಟಿಕೊಂಡಿತ್ತು, ಬೆಳಿಗ್ಗೆಯೂ ಮಧ್ಯಾಹ್ನವೂ. ಮೊದಲ ದಿನ ಸಂಶಯದಿಂದ ದೂರ ನಿಂತು ನೋಡಿದ ಹೆಂಗಸರು ಎರಡನೆಯ ದಿನ ಚೀಲ ಹಿಡಿದು ಬಂದರು. ಮಂಡಿ ಹಿಡಿದುಕೊಂಡು ಬಂದವರು ಮೆಟ್ಟಿಲು ಎಲ್ಲಿದೆಯೆಂದು ಹುಡುಕಿ, ಇಲ್ಲದ್ದನ್ನು ಕಂಡು ಮಕ್ಕಳ ಹಾಗೆ ನಕ್ಕರು. ದೇವೀರಮ್ಮ ಬಂದವರಿಗೆಲ್ಲ ಬಾಯ್ತುಂಬ, ‘ಬನ್ರವ್ವ, ಕೂತ್ಕಳಿ, ಕೂತ್ಕಳಿ’ ಅನ್ನುತ್ತಿದ್ದಳು. ಸ್ಟೂಲು ಸಾಲದೆ ಶಾಮಿಯಾನದವರ ಕುರ್ಚಿಗಳನ್ನು ಅಲ್ಲೇ ಉಳಿಸಿಕೊಂಡಳು. ನೇತ್ರಾವತಿಯ ಜೊತೆಗೆ ಸೀರೆ ಅಂಗಡಿಯ ಹೆಣ್ಣುಮಕ್ಕಳೆಲ್ಲ ಮಣ್ಣೊಳಗಿನ ಮಹಡಿಯಿಂದ ಮೆಟ್ಟಿಲು ಹತ್ತಿ ಬಂದು ಸರದಿಯಲ್ಲಿ ಕೂತು ಹೋಗುತ್ತಿದ್ದರು. ಸೂಪರ್‌ವೈಸರನೂ ಬರುತ್ತಿದ್ದ. ದೇವೀರಮ್ಮನ ಕೈ ಸರಿಹೋಯಿತೆಂದೂ, ಇನ್ನು ಹಳೇ ಅಳತೆಯೇ ಆಗುತ್ತದೆಂದೂ ಊರೆಲ್ಲ ಸುದ್ದಿ.

ಕೆಲವು ದಿನ ಕಾಣಿಸದೆ ಇದ್ದ ನಿರಂಜನ ಬಾಬು ಒಂದು ಮಧ್ಯಾಹ್ನ ಬಂದ. ಕಿವಿಯಲ್ಲಿ ಏನೂ ಇರಲಿಲ್ಲ. ಗಡ್ಡ ಬಂದಿತ್ತು. ಆದರೂ ಕಟ್ಟುವವನು ಕಟ್ಟುವವನೇ.

‘ಮೇಡಂ, ಹೊಸ ಪ್ಲಾನ್ ರೆಡಿ. ಈ ಟೆರೇಸೇ ಈಗ ಗ್ರೌಂಡ್ ಫ್ಲೋರ್. ಇದರ ಮೇಲೆ ಇನ್ನೂ ಐದು ಎಬ್ಬಿಸ್ತೀನಿ. ಈ ಸಲ ಡಬಲ್ ಕಬ್ಬಿಣ. ಈ ಮೂಲೆ ನೀವು ಬಿಟ್ಟುಕೊಡಬೇಕು.’

ಮೂಲೆಯಲ್ಲಿದ್ದ ಹೆಂಗಸರೆಲ್ಲ ತಮ್ಮ ಬಟ್ಟೆಯ ಚೀಲಗಳನ್ನು ಮಡಿಲಿಗೆ ಎಳೆದುಕೊಂಡರು. ದೇವೀರಮ್ಮ ಪೆಡಲ್ ನಿಲ್ಲಿಸಿ, ಹಲ್ಲಲ್ಲಿ ದಾರ ಕಡಿದಳು.

‘ಕಟ್ಟಪ್ಪ, ಬ್ಯಾಡ ಅಂದೋರ್ಯಾರು. ನಂಗೆ ತುದೀದು ಕೊಡು.’

‘ತುದಿ ಅಂದ್ರೆ?’

‘ಹೊಸಾ ತಾರಸಿ. ಟ್ಯಾಂಕಿನ ಪಕ್ಕ.’

ಬಾಬು ಅವಳನ್ನು ನೋಡಿದ, ತಾರಸಿಯನ್ನು ನೋಡಿದ, ಬೀದಿಯನ್ನು ನೋಡಿದ. ಅವನ ಕಾಲೂ ನಡುಗುತ್ತಿತ್ತು. ದೇವೀರಮ್ಮ ಒಂದು ಕುರ್ಚಿಯನ್ನು ಅವನ ಕಡೆಗೆ ತಳ್ಳಿದಳು.

‘ಎಷ್ಟೊತ್ತು ನಿಂತಿರ್ತೀಯ. ಕೂತ್ಕಳಪ್ಪ.’

ಬಾಬು ಸುತ್ತ ನೋಡಿ, ಏನೂ ಇಳಿಯಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಕುರ್ಚಿಯ ತುದಿಯಲ್ಲಿ ಕೂತ. ಆಮೇಲೆ ಒರಗಿದ. ಆಮೇಲೆ ಕತ್ತು ವಾಲಿತು. ಸ್ವಲ್ಪ ಹೊತ್ತಿಗೆ ಕೆಳಗೆ ಗುರುಪಾದಪ್ಪ, ಮೇಲೆ ಬಾಬು, ಇಬ್ಬರ ಗೊರಕೆಗಳೂ ಒಂದಕ್ಕೊಂದು ಉತ್ತರ ಕೊಡತೊಡಗಿದವು.

ಗಿರಾಕಿಗಳು ಒಬ್ಬೊಬ್ಬರಾಗಿ ಹೋದ ಮೇಲೆ ನಾನಂದೆ, ‘ಅಕ್ಕ, ಒಂದಂತೂ ಒಪ್ಪಬೇಕು. ಮನೆ ಒಲೆ ಆರ್ತಾ ಇದ್ರೂ ಕೊಟ್ಟ ಮಾತು ಉಳಿಸ್ಕೊಂಡೆ ನೀನು. ಬೇರೆಯೋರಾಗಿದ್ರೆ ಯಾವತ್ತೋ ಅಂದ್ಬಿಟ್ಟಿರೋರು.’

ದೇವೀರಮ್ಮ ಬಾಬುವಿನ ಕಡೆಗೊಮ್ಮೆ ನೋಡಿ, ಯಂತ್ರದ ಸದ್ದಿನ ಮರೆಯಲ್ಲಿ ಹೇಳಿದಳು: ‘ಉಳಿಸ್ಕೊಂಡೆ ಅಂತ ಯಾರೋ ಹೇಳ್ದೋರು? ಬುಟ್ಟಿ ಖಾಲಿ ಬಂತಲ್ಲ, ಆವತ್ತೇ ಅಂದೆ. ನೀನು ನಿದ್ದೆ ಹೊಡೀತಿದ್ದೆ. ಗೋಡೆ ಸವರಿ ಅಂದೆ, ಕಿವಿ ಹತ್ರ ಅಂದೆ, ಕಾಲ್ ಹಿಡ್ಕಂಡು ಅಂದೆ. ದಿನಾ ಅಂದೆ.’

‘ಹಿರೀಳು ನೀನು. ನೀನಂದ್ರೂ ಕೇಳಲಿಲ್ವಾ?’

‘ಕೇಳಿಸ್ಕೊಳ್ತಿತ್ತು, ಪಾಪ. ನಡುಗ್ತಿತ್ತು. ಬಾಡಿಗೆಯೋರು ಹೇಳಿದ್ರೆ ಕೂರೋದೆಂಗೆ ಅಂತ ನಿಂತೇ ಇರ್ತಿತ್ತು. ಯಜಮಾನನ ಬಾಯಿಂದ್ಲೇ ಬರ್ಬೇಕಿತ್ತಂತೆ ಅದಕ್ಕೆ.’

ಕಾಫಿಯ ಹೊತ್ತಾಗಿ ಬೀದಿಯ ಕಟ್ಟಡಗಳೆಲ್ಲ ಒಂದೊಂದಾಗಿ ಏಳತೊಡಗಿದ್ದವು. ಸದ್ದಿಗೆ ಬಾಬು ಬೆಚ್ಚಿ, ಅರ್ಧ ಕಣ್ಣು ತೆರೆದು, ಎದ್ದೇಳಲು ಕುರ್ಚಿಯ ಕೈ ಹಿಡಿದ. ದೇವೀರಮ್ಮ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತ ಅವನ ಭುಜ ತಟ್ಟಿದಳು.

‘ಕೂತ್ಕೋ, ಕೂತ್ಕೋ. ನಿಂದೇ ಕಟ್ಟಡ.’